ಅರ್ಧಕ್ಕೆ ನಿಂತ ಅಂತ್ಯಕ್ರಿಯೆ

ಕೊರೊನಾದ 2021ರ ಮೇ ತಿಂಗಳು. ಮೈಸೂರಿನ ಜಯಲಕ್ಷ್ಮಿಪುರಂನ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಹಾಲಿನವನ ಗಂಟೆ ಬಿಟ್ಟರೆ ಇಡೀ ದಿನ ಆಂಬುಲೆನ್ಸಿನದೇ ಸದ್ದು. ಪಕ್ಕದ ಚಾಮರಾಜನಗರದಲ್ಲಿ ಆಮ್ಲಜನಕ ಸಾಲದೆ ಒಂದೇ ರಾತ್ರಿ ಎಷ್ಟೋ ಜನ ಹೋದರೆಂಬ ಸುದ್ದಿ ಬಂದು ಇನ್ನೂ ವಾರ ಕಳೆದಿರಲಿಲ್ಲ. ಎದುರು ಮನೆಯ ರಾಯರ ಹೆಂಡತಿ ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ತೀರಿಕೊಂಡರು. ದೇಹವನ್ನು ಮನೆಗೆ ತರುವ ಹಾಗಿರಲಿಲ್ಲ. ರಾಯರು ಸ್ಮಶಾನದ ಗೇಟಿನ ಹೊರಗೆ ನಿಂತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದದ್ದನ್ನು ದೂರದಿಂದ ನೋಡಿ ವಾಪಸಾದರು. ಒಳಗಿದ್ದದ್ದು ಆಕೆಯೇ ಎಂದು ನಂಬಿಕೊಳ್ಳಬೇಕಾಗಿತ್ತು, ಅಷ್ಟೆ. "ನಾನು ಮುತ್ತೈದೆಯಾಗಿ ಹೋದ್ರೆ ಆ ಹಸಿರು ಮೈಸೂರು ಸಿಲ್ಕನ್ನೇ ಉಡಿಸಿ ಕಳಿಸಿ" ಎಂದು ಆಕೆ ನಗುತ್ತಾ ಹೇಳುತ್ತಿದ್ದುದು ಬೀದಿಗೆಲ್ಲ ಗೊತ್ತಿತ್ತು. ಸೀರೆ ಬೀರುವಿನಲ್ಲೇ ಉಳಿಯಿತು.

ತಿಂಗಳಾದ ಮೇಲೆ ಒಂದು ಸಂಜೆ ರಾಯರು ಕಾಂಪೌಂಡಿನ ಆಚೆ ನಿಂತು ಕೇಳಿದರು: "ಮೇಷ್ಟ್ರೇ, ನಿಮ್ಮ ಯೇಸುಸ್ವಾಮಿ ಸತ್ತು ಮೂರನೇ ದಿನಕ್ಕೆ ಎದ್ದು ಬಂದ್ರು ಅಂತೀರಿ. ಅದರಿಂದ ಇವಳಿಗೇನು ಬಂತು? ನನಗೇನು ಬಂತು?" ಮಾತಿನಲ್ಲಿ ಕುಹಕವಿರಲಿಲ್ಲ. ಬೇರೆ ಯಾರನ್ನೂ ಕೇಳಲಾಗದ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟಿದ್ದರು. ಮೂವತ್ತು ವರ್ಷ ಪಾಠ ಹೇಳಿದವನು, ಚಿಕ್ಕಂದಿನಿಂದ ಪಾಸ್ಖ ಹಬ್ಬ, ಅಂದರೆ ಈಸ್ಟರ್, ಮಾಡಿಕೊಂಡು ಬಂದವನು, ಆ ಹೊತ್ತಿಗೆ ತಡವರಿಸಿದೆ. ಈಗ ಬರೆಯುತ್ತಿರುವುದು ಆ ತಡವರಿಕೆಯ ಮುಂದುವರಿಕೆ.

ಮೊದಲು ಅವರಿಗೆ ಏನನ್ನು ಹೇಳಬಾರದು ಎಂಬುದು ನನಗೆ ಗೊತ್ತಿತ್ತು. "ಎಲ್ಲಾ ಒಳ್ಳೇದಾಗುತ್ತೆ ಬಿಡಿ" ಎನ್ನಬಾರದು. ಆ ಎರಡು ವರ್ಷಗಳಲ್ಲಿ ಈ ಮಾತನ್ನು ನಾವು ಎಷ್ಟು ಸಲ ಆಡಿದೆವೋ, ಎಷ್ಟು ಜನರ ವಾಟ್ಸಾಪಿಗೆ ಸೂರ್ಯೋದಯದ ಚಿತ್ರದ ಜೊತೆ ಕಳಿಸಿದೆವೋ ಲೆಕ್ಕವಿಲ್ಲ. ರಾಯರ ಪಾಲಿಗೆ ಒಳ್ಳೆಯದಾಗಲಿಲ್ಲ. ಒಳ್ಳೆಯದಾದೀತು ಎಂಬುದು ಒಂದು ಅಂದಾಜು. ಹವಾಮಾನ ಇಲಾಖೆಯ ಮಳೆ ವರದಿಯಂಥದು. ಮಳೆ ಬಾರದಿದ್ದರೆ ವರದಿ ಕಸದ ಬುಟ್ಟಿಗೆ ಹೋಗುತ್ತದೆ. ಲೂಕನ ಶುಭಸಂದೇಶದಲ್ಲಿ ಇಬ್ಬರು ಶಿಷ್ಯರು ಜೆರುಸಲೇಮನ್ನು ಬಿಟ್ಟು ಎಮ್ಮಾವು ಎಂಬ ಹಳ್ಳಿಯ ಕಡೆ ಕಾಲೆಳೆದುಕೊಂಡು ಹೋಗುತ್ತಿರುತ್ತಾರೆ. ದಾರಿಯಲ್ಲಿ ಜೊತೆಯಾದ ಅಪರಿಚಿತನ ಎದುರು ಅವರು ತೋಡಿಕೊಳ್ಳುವುದು ಇಷ್ಟೇ: ಆತನೇ ನಮ್ಮ ಜನರನ್ನು ಬಿಡಿಸುವವನು ಎಂದು ನಂಬಿಕೊಂಡಿದ್ದೆವು. ನಂಬಿಕೊಂಡಿದ್ದೆವು. ಆ ಭೂತಕಾಲದಲ್ಲಿ ಅವರ ಸೋಲೆಲ್ಲ ಇದೆ. ಕ್ರೈಸ್ತರ ಭರವಸೆಯ ಕತೆ ಶುರುವಾಗುವುದು ಅಂದಾಜು ತಪ್ಪಿಹೋದ ಮೇಲೆಯೇ ಎಂಬುದನ್ನು ನಮ್ಮ ಈಸ್ಟರ್ ಪ್ರಸಂಗಗಳು ಆಗಾಗ ಮರೆತುಬಿಡುತ್ತವೆ.

ಹಾಗಾದರೆ ಆ ಭಾನುವಾರ ಬೆಳಗಿನ ಜಾವ ನಡೆದದ್ದೇನು? ನಮಗೆ ಆ ಕತೆ ಎಷ್ಟು ಬಾಯಿಪಾಠವಾಗಿದೆಯೆಂದರೆ, ಅದು ಒಂದು ಅಂತ್ಯಕ್ರಿಯೆಯ ಕತೆ ಎನ್ನುವುದೇ ಕಣ್ಣಿಗೆ ಬೀಳುವುದಿಲ್ಲ. ಯೇಸು ಸತ್ತದ್ದು ಶುಕ್ರವಾರ ಮಧ್ಯಾಹ್ನದ ಮೇಲೆ. ಸೂರ್ಯ ಮುಳುಗಿದರೆ ಸಬ್ಬತ್ ದಿನ ಶುರು. ಆಮೇಲೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಹೀಗಾಗಿ ದೇಹವನ್ನು ಅವಸರವಸರವಾಗಿ ಬಟ್ಟೆಯಲ್ಲಿ ಸುತ್ತಿ, ಹತ್ತಿರವಿದ್ದ ಗುಹೆಯೊಳಗಿಟ್ಟು, ಬಾಗಿಲಿಗೆ ಕಲ್ಲುರುಳಿಸಿ ಹೋದರು. ಗಂಡಸು ಶಿಷ್ಯರು ಆಗಲೇ ತಲೆಮರೆಸಿಕೊಂಡಿದ್ದರು. ಮಾರ್ಕ ಮತ್ತು ಲೂಕ ಹೇಳುವ ಪ್ರಕಾರ, ಭಾನುವಾರ ನಸುಕಿಗೆ ಹೆಂಗಸರು ಸುಗಂಧದ್ರವ್ಯ ಹಿಡಿದು ಹೊರಟರು. ಅವರು ಹೊರಟದ್ದು ಪವಾಡ ನೋಡಲಿಕ್ಕಲ್ಲ. ಒಂದು ಹೆಣಕ್ಕೆ ಸಲ್ಲಬೇಕಾದ ಮರ್ಯಾದೆ ಅರ್ಧಕ್ಕೆ ನಿಂತಿತ್ತು, ಅದನ್ನು ಮುಗಿಸಲು ಹೊರಟರು. ಕಲ್ಲನ್ನು ಉರುಳಿಸುವವರು ಯಾರು ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡರಂತೆ. ಉತ್ತರ ಗೊತ್ತಿರಲಿಲ್ಲ. ಆದರೂ ಹಿಂದಿರುಗಲಿಲ್ಲ.

ಈ ಮಾತನ್ನು ನಾನು 2021ಕ್ಕೆ ಮುಂಚೆ ನೂರು ಸಲ ಕೇಳಿದ್ದೆ. ರಾಯರು ಗೇಟಿನ ಹೊರಗಿಂದ ವಾಪಸಾದ ಮೇಲೆ ಕೇಳಿದಾಗ ಅದು ಬೇರೆಯಾಗಿ ಕೇಳಿಸಿತು. ಸ್ನಾನ ಮಾಡಿಸದೆ, ಮುಖ ನೋಡದೆ, ಬಾಯಿಗೆ ನೀರು ಬಿಡದೆ ಕಳಿಸಿಕೊಟ್ಟ ಸಾವುಗಳು ಆ ವರ್ಷ ನಮ್ಮ ಊರಲ್ಲೇ ಎಷ್ಟು! ಮೊತ್ತಮೊದಲ ಪಾಸ್ಖದ ಸುದ್ದಿ ಬಂದದ್ದು ಅಂಥದೇ ಸಾವಿನ ಮನೆಗೆ. ದೇವಾಲಯದ ಯಾಜಕರಿಗಲ್ಲ, ಪಂಡಿತರಿಗಲ್ಲ, ಕ್ರಿಯೆ ಮುಗಿಸಲಾಗದೆ ಕೈ ಚಡಪಡಿಸುತ್ತಿದ್ದ ಕೆಲವು ಹೆಂಗಸರಿಗೆ.

ಇನ್ನೊಂದು ಸಂಗತಿ. ಮಾರ್ಕನ ಶುಭಸಂದೇಶದ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಕತೆ ಹೇಗೆ ಮುಗಿಯುತ್ತದೆ ಗೊತ್ತೇ? ಬರಿದಾದ ಸಮಾಧಿ ಕಂಡ ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ, ಎಂಬಲ್ಲಿಗೆ. ಮುಂದಿನ ಸಮಾಧಾನದ ಸಾಲುಗಳು ಆಮೇಲೆ ಸೇರಿದವು. ಯಾರೋ ಪುಣ್ಯಾತ್ಮರಿಗೆ ಹಾಗೆ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ನನಗೆ ಮಾತ್ರ ಆ ಒರಟು ಕೊನೆಯೇ ಪ್ರಾಮಾಣಿಕವಾಗಿ ಕಾಣುತ್ತದೆ. ಸತ್ತವರ ವಿಷಯದಲ್ಲಿ ದೊಡ್ಡ ಸುದ್ದಿಯೊಂದು ಬಂದರೆ ಮನುಷ್ಯರು ಮೊದಲು ಹೆದರುತ್ತಾರೆ. ಸಿಹಿ ಹಂಚುವುದು ಆಮೇಲೆ. ಯೊವಾನ್ನನು ಮಾತ್ರ ಗುಹೆಯೊಳಗಿನ ಒಂದು ಸಣ್ಣ ವಿವರವನ್ನು ಬರೆದಿಟ್ಟಿದ್ದಾನೆ: ತಲೆಗೆ ಸುತ್ತಿದ್ದ ವಸ್ತ್ರ ಉಳಿದ ಬಟ್ಟೆಗಳ ಜೊತೆ ಬಿದ್ದಿರಲಿಲ್ಲ, ಬೇರೆಯಾಗಿ ಸುತ್ತಿಟ್ಟಿತ್ತು. ಯಾಕೆ ಎಂದು ಆತ ಹೇಳುವುದಿಲ್ಲ.

ಇದೆಲ್ಲ ನಡೆದದ್ದೇ? ವಿಚಾರವಂತ ಓದುಗರು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಪ್ರಯೋಗಶಾಲೆಯ ಸಾಕ್ಷ್ಯ ನನ್ನಲ್ಲಿಲ್ಲ. ನಮ್ಮ ಕೈಗೆ ಸಿಗುವ ಅತಿ ಹಳೆಯ ಬರಹದ ಸಾಕ್ಷಿಗಳಲ್ಲಿ ಒಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ. ಘಟನೆಯಾಗಿ ಸುಮಾರು 25 ವರ್ಷಕ್ಕೆ ಬರೆದದ್ದು. ಕಂಡವರ ಹೆಸರುಗಳನ್ನು ಪಟ್ಟಿ ಮಾಡಿ, ಅವರಲ್ಲಿ ಬಹಳ ಜನ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಹೋಗಿ ಕೇಳಿ ಎನ್ನುವ ಧಾಟಿ. ಇನ್ನು ಆ ಕಾಲದ ಸಮಾಜದಲ್ಲಿ ಹೆಂಗಸರ ಸಾಕ್ಷಿಗೆ ಅಂಥ ಬೆಲೆಯಿರಲಿಲ್ಲ. ಅಪೊಸ್ತಲರೇ ಅವರ ಮಾತನ್ನು ಹುಚ್ಚು ಹರಟೆ ಎಂದು ತಳ್ಳಿಹಾಕಿದ್ದನ್ನು ಲೂಕ ಮುಚ್ಚಿಡುವುದಿಲ್ಲ. ಬೇಕೆಂದೇ ಕಟ್ಟುವವರು ಕತೆಯನ್ನು ಇಷ್ಟು ಬಡವಾಗಿ ಕಟ್ಟಲಾರರು. ಇದು ರುಜುವಾತಲ್ಲ, ಒಪ್ಪುತ್ತೇನೆ. ಬಾಗಿಲು ಮುಚ್ಚಿಲ್ಲ ಎನ್ನಲು ಸಾಕು. ಉಳಿದದ್ದು ಆ ಬಾಗಿಲಲ್ಲಿ ನಡೆದುಹೋದವರ ಬದುಕು ಹೇಗಾಯಿತು ಎನ್ನುವುದರ ಮೇಲೆ ನಿಂತಿದೆ.

ನಮ್ಮ ಕನ್ನಡ ಮನಸ್ಸಿಗೆ ಶಿಲುಬೆಯ ಕ್ರಿಸ್ತ ಎಂದೂ ಪರಕೀಯನಾಗಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಬರೆದರು; ಯೇಸುವಿನ ಕಡೆಯ ದಿನ ಅದರ ವಸ್ತು. ಬುದ್ಧನ ಕಡೆಯ ದಿನದ ಮೇಲೆ 'ವೈಶಾಖಿ' ಬರೆದವರೂ ಅವರೇ. ಗಾಂಧೀಜಿ 1931ರಲ್ಲಿ ವ್ಯಾಟಿಕನ್ನಿಗೆ ಹೋದಾಗ ಶಿಲುಬೆಯ ಪ್ರತಿಮೆಯ ಎದುರು ಕಣ್ಣೀರು ತಡೆಯಲಾಗದೆ ನಿಂತರು. ನೋವುಂಡು ಕ್ಷಮಿಸಿದ ಶುಕ್ರವಾರದ ಯೇಸು ನಮ್ಮವನಾದ. ಭಾನುವಾರದ ಯೇಸುವನ್ನು ಮಾತ್ರ ನಾವು ಸೌಜನ್ಯದಿಂದಲೇ ಕ್ರೈಸ್ತರ ಮನೆಯಂಗಳಕ್ಕೆ ಬಿಟ್ಟುಕೊಟ್ಟೆವು. ಕಾರಣ ಊಹಿಸಬಹುದು. ಸಾವಿನ ಬಗ್ಗೆ ಈ ನೆಲದಲ್ಲಿ ಆಗಲೇ ಗಟ್ಟಿಯಾದ ಉತ್ತರಗಳಿದ್ದವು. ಆತ್ಮಕ್ಕೆ ಸಾವಿಲ್ಲ, ಹಳೆಯ ಬಟ್ಟೆ ಕಳಚಿ ಹೊಸದು ತೊಡುತ್ತದೆ ಎನ್ನುವವರಿದ್ದರು. ಮರಣವನ್ನೇ ಹಬ್ಬವೆಂದು ಕಂಡ ಶರಣರಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೌತಮಿಗೆ ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದ ಬುದ್ಧನಿದ್ದ.

ಸಾಸಿವೆಯ ಕತೆಯನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ, ಇಂದಿಗೂ ತಲೆಬಾಗುತ್ತೇನೆ. ಬುದ್ಧ ಆಕೆಗೆ ಸುಳ್ಳು ಹೇಳಲಿಲ್ಲ. ಮನೆಮನೆ ತಿರುಗಿ ಆಕೆಯೇ ಸತ್ಯ ಕಂಡುಕೊಳ್ಳುವಂತೆ ಮಾಡಿದ. ಆದರೆ ರಾಯರ ಪ್ರಶ್ನೆ ಅಲ್ಲಿಗೆ ನಿಲ್ಲುವುದಿಲ್ಲ. ಸಾವು ಎಲ್ಲರಿಗೂ ಇದೆ ಎಂಬುದು ಅವರಿಗೆ ಗೊತ್ತು. ಅವರು ಕೇಳುತ್ತಿರುವುದು ಒಬ್ಬಳ ಬಗ್ಗೆ. ಬೆಳಿಗ್ಗೆ ರೇಡಿಯೋ ಹಾಕಿ ಕಾಫಿ ಸೋಸುತ್ತಿದ್ದ, ಹಸಿರು ಸೀರೆಯ ಆ ಒಬ್ಬಳು. ಅವಳು ಯಾವುದೋ ಅನಂತದಲ್ಲಿ ಕರಗಿದಳು ಎಂದರೆ ಅವರಿಗೆ ತೃಪ್ತಿಯಿಲ್ಲ. ಅವರ ಆ ಅತೃಪ್ತಿ ಅಜ್ಞಾನವಲ್ಲ ಎಂದು ಪುನರುತ್ಥಾನದ ಕತೆ ನನಗೆ ಕಲಿಸಿದೆ. ಸಮಾಧಿಯ ತೋಟದಲ್ಲಿ ಅಳುತ್ತಿದ್ದ ಮಗ್ದಲದ ಮರಿಯಳು ಎದುರಿಗೆ ನಿಂತವನನ್ನು ತೋಟದ ಮಾಲಿ ಎಂದೇ ತಿಳಿದಿದ್ದಳು. ಯಾಕೆ ಅಳುತ್ತೀ ಎಂದು ಕೇಳಿದಾಗ ಅವಳು ಗುರುತು ಹಿಡಿಯಲಿಲ್ಲ, ಹೆಸರು ಹಿಡಿದು ಕರೆದಾಗ ಹಿಡಿದಳು. ಅದಕ್ಕೂ ಮುಂಚೆ, ಗೆಳೆಯ ಲಾಜರನ ಗೋರಿಯ ಎದುರು ಯೇಸು ಅತ್ತ. ಇನ್ನೊಂದು ಗಳಿಗೆಯಲ್ಲಿ ಅವನನ್ನು ಎಬ್ಬಿಸಲಿರುವವನು ಅಳುವುದೇಕೆ? ಸಾವು ಸಹಜವಾದರೂ ಸರಿಯಲ್ಲ, ಅದಕ್ಕೆ ಅಳಬೇಕು. ಪೌಲ ಸಾವನ್ನು ಕಡೆಯ ಶತ್ರು ಎಂದು ಕರೆದ. ಶತ್ರು ಎಂದು ಕರೆಯುವ ಧೈರ್ಯವಿಲ್ಲದ ಸಮಾಧಾನ ನನಗೆ ಈಗೀಗ ಸಪ್ಪೆಯೆನಿಸುತ್ತದೆ.

ಮತ್ತೆ, ಎದ್ದು ಬಂದವನ ಕೈಯಲ್ಲಿ ಗಾಯ ಹಾಗೇ ಇತ್ತು. ಸಂಶಯಪಟ್ಟ ತೋಮನಿಗೆ ಆತ ತೋರಿಸಿದ್ದು ಮೊಳೆಯ ಗುರುತುಗಳನ್ನು. ಸಾವನ್ನು ಗೆದ್ದವನಿಗೆ ಗಾಯ ಮಾಯಿಸಿಕೊಳ್ಳುವುದು ಕಷ್ಟವಿತ್ತೇ? ಪಾಸ್ಖ ಜಾಗರಣೆಯ ರಾತ್ರಿ ನಮ್ಮಲ್ಲಿ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿಯೊಂದನ್ನು ಬೆಳಗಿಸುತ್ತಾರೆ. ಹಚ್ಚುವ ಮುಂಚೆ ಫಾದರ್ ಆ ಬತ್ತಿಯ ಮೇಲೆ ಶಿಲುಬೆ ಕೊರೆದು, ಅದರ ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿ ಬರೆದು, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ. 2020ರ ಏಪ್ರಿಲ್ 12ರ ಈಸ್ಟರಿಗೆ ಚರ್ಚುಗಳೆಲ್ಲ ಬೀಗ ಹಾಕಿದ್ದವು. ಪಕ್ಕದ ನಂಜನಗೂಡಿನ ಕೊರೊನಾ ಸೋಂಕಿನಿಂದಾಗಿ ಮೈಸೂರು ಇಡೀ ರಾಜ್ಯದಲ್ಲೇ ಭಯದ ಊರಾಗಿತ್ತು. ಪೂಜೆಯನ್ನು ಮೊಬೈಲಿನಲ್ಲಿ ನೋಡಿದೆವು. ಮರುವರ್ಷದ ಬತ್ತಿಯ ಮೇಲೆ 2, 0, 2, 1 ಎಂದು ಕೊರೆದದ್ದನ್ನು ಕಣ್ಣಾರೆ ಕಂಡೆ. ಪಂಚಾಂಗದಿಂದಲೇ ಕಿತ್ತುಹಾಕಬೇಕೆನಿಸುವ ವರ್ಷವದು ಎಂದು ಆ ರಾತ್ರಿ ನಮಗೆ ತಿಳಿದಿರಲಿಲ್ಲ. ಯಾರದಾದರೂ ಅಂತ್ಯಸಂಸ್ಕಾರದ ಪೂಜೆಯಿದ್ದರೆ ವರ್ಷವಿಡೀ ಅದೇ ಬತ್ತಿಯನ್ನು ಶವಪೆಟ್ಟಿಗೆಯ ಬಳಿ ಹಚ್ಚಿಡುವುದು ರೂಢಿ. ಕೆಟ್ಟ ವರ್ಷದ ಅಂಕಿಯನ್ನು ಹೊತ್ತೇ ಉರಿಯುವ ಬೆಳಕು. ಕೆಟ್ಟದ್ದನ್ನು ಮರೆಸುವ ಹಬ್ಬ ಇದಲ್ಲ ಎಂದು ತಿಳಿಯಲು ನನಗೆ ದೇವಶಾಸ್ತ್ರದ ಗ್ರಂಥಗಳಿಗಿಂತ ಆ ಮೇಣದ ಬತ್ತಿ ಹೆಚ್ಚು ನೆರವಾಯಿತು.

ಧೈರ್ಯಸ್ಥರಿಗೇ ಮೀಸಲಾದ ಭರವಸೆಯೂ ಇದಲ್ಲ. ಈ ಮಾತಿಗೆ ನಮ್ಮ ನೆರೆಯಲ್ಲೇ, ಶ್ರೀರಂಗಪಟ್ಟಣದಲ್ಲೇ ಒಂದು ಕತೆಯಿದೆ. 1784ರ ವಿಭೂತಿ ಬುಧವಾರದ ಹೊತ್ತಿಗೆ ಟಿಪ್ಪುವಿನ ಕಡೆಯವರು ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸಾವಿರಗಟ್ಟಲೆ ಸೆರೆಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ತಂದರು. ಎಷ್ಟು ಜನ ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು. ಟಿಪ್ಪುವಿನ ಹೆಸರೆತ್ತಿದರೆ ಇಂದು ಎರಡೂ ಕಡೆಯವರು ತೋಳೇರಿಸುತ್ತಾರೆ. ಆ ಜಗಳ ನನಗೆ ಬೇಡ. ನನಗೆ ಬೇಕಾದದ್ದು 1799ರ ಮೇ 4ರಂದು ಪಟ್ಟಣ ಬಿದ್ದ ಮೇಲಿನ ಸಂಗತಿ. ಹದಿನೈದು ವರ್ಷದ ಸೆರೆಯಲ್ಲಿ ಬಹಳ ಜನ ಬಲವಂತಕ್ಕೆ ಮಣಿದು ಮತ ಬದಲಿಸಿದ್ದರು. ಈಗ ಅವರು ಮರಳಿ ಬಂದರು. ಅವರನ್ನು ಕೂಡಿಸಿಕೊಳ್ಳಬೇಕಾಗಿ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು. ಸಾವಿರಾರು ಜನರಲ್ಲಿ ಒಬ್ಬನಾದರೂ ನಂಬಿಕೆಗಾಗಿ ಪ್ರಾಣ ಕೊಡಲಿಲ್ಲವಲ್ಲ ಎಂದು ಅವರು ಆಮೇಲೆ ಸಂಕಟದಿಂದ, ಬಹಳ ಕಟುವಾಗಿಯೂ ಬರೆದರು. ಬರೆದದ್ದು ಹಾಗೆ, ಮಾಡಿದ್ದು ಬೇರೆ. ಮಣಿದವರನ್ನು ಮತ್ತೆ ಮಂದೆಗೆ ಸೇರಿಸಿಕೊಂಡರು. ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ.

ಆ ಚರ್ಚಿಗೆ ಹೋದಾಗಲೆಲ್ಲ ನನಗೆ ಪೇತ್ರ ನೆನಪಾಗುತ್ತಾನೆ. ಗುರುವನ್ನು ಹಿಡಿದ ರಾತ್ರಿ ಇದ್ದಿಲ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ ಅವನನ್ನು ನಾನರಿಯೆ ಎಂದು ಮೂರು ಸಲ ಹೇಳಿದವನು. ಪುನರುತ್ಥಾನವಾದ ಮೇಲೆ ಕೆರೆಯ ದಡದಲ್ಲಿ ಯೇಸು ಇದ್ದಿಲ ಬೆಂಕಿಯ ಮೇಲೆಯೇ ಮೀನು ಸುಡುತ್ತಾ ಕಾದಿರುತ್ತಾನೆ. ಮೊದಲು ತಿಂಡಿ ತಿನ್ನಿ ಎನ್ನುತ್ತಾನೆ. ಆಮೇಲೆ ನನ್ನ ಮೇಲೆ ನಿನಗೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳುತ್ತಾನೆ. ಯಾಕೆ ಹಾಗೆ ಮಾಡಿದೆ ಎಂದು ಒಂದು ಸಲವೂ ಕೇಳುವುದಿಲ್ಲ. ಶ್ರೀರಂಗಪಟ್ಟಣದಿಂದ ಮರಳಿದವರಿಗೆ ಆ ಕೆರೆದಡದ ಬೆಂಕಿ ಎಷ್ಟು ಬೇಕಿತ್ತೋ!

ದುಬ್ವಾ ಅವರ ವಿಷಯದಲ್ಲಿ ಇನ್ನೂ ಒಂದು ವಿಚಿತ್ರವಿದೆ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಅವರು, ಭಾರತದಲ್ಲಿ ಕ್ರೈಸ್ತಧರ್ಮ ಬೇರೂರುವುದು ಆಗದ ಮಾತು ಎಂದು ಕೈಚೆಲ್ಲಿದರು. ಮೂವತ್ತು ವರ್ಷ ದುಡಿದ ಧರ್ಮಪ್ರಚಾರಕನೊಬ್ಬನ ಬಾಯಿಂದ ಬಂದ ತೀರ್ಪು ಅದು. ಅಂದಾಜಿನ ಅರ್ಥದಲ್ಲಿ ಅವರಿಗೆ ಭರವಸೆ ಉಳಿದಿರಲಿಲ್ಲ. ಇದೇ ಮನುಷ್ಯ 1803–04ರ ಹೊತ್ತಿಗೆ ಮೈಸೂರು ಸೀಮೆಯ ಹಳ್ಳಿಹಳ್ಳಿಗಳಲ್ಲಿ 25 ಸಾವಿರಕ್ಕೂ ಮಿಕ್ಕಿದ ಜನರಿಗೆ ಸಿಡುಬಿನ ವಿರುದ್ಧ ದೇವಿ ಹಾಕಿಸಿದ್ದರು. ಲಸಿಕೆ ಭಾರತ ಮುಟ್ಟಿ ಆಗಿನ್ನೂ ಒಂದೆರಡು ವರ್ಷವಾಗಿತ್ತು. ಹಾಸನದ ಬಳಿಯ ಸಾತಳ್ಳಿಯಲ್ಲಿ ದಿಕ್ಕಿಲ್ಲದವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಆ ಊರು ಇದೆ, ಅವರ ನೆನಪೂ ಇದೆ. ಅವರ ನಿರಾಶೆಯ ಪುಸ್ತಕವನ್ನು ಸಂಶೋಧಕರು ಮಾತ್ರ ಓದುತ್ತಾರೆ. ಭರವಸೆ ಎಂಬುದು ಎದೆಯಲ್ಲಿ ಉಕ್ಕುವ ಒಂದು ಭಾವವೆಂದು ನಾವು ತಿಳಿದಿದ್ದೇವೆ. ದುಬ್ವಾ ಅವರನ್ನು ನೋಡಿದರೆ ಅದು ಕೈಯಲ್ಲಿರುವ ವಸ್ತು ಅನಿಸುತ್ತದೆ, ಸೂಜಿಯಂತೆ, ನೇಗಿಲಿನಂತೆ, ಆ ಹೆಂಗಸರು ಹಿಡಿದಿದ್ದ ಸುಗಂಧದ ಭರಣಿಯಂತೆ. ಮನಸ್ಸು ಕುಸಿದ ದಿನವೂ ಕೈಯಲ್ಲಿ ಉಳಿಯುವಂಥದು.

ಮೈಸೂರೆಂಬ ಊರೂ ಒಂದರ್ಥದಲ್ಲಿ ಹೀಗೇ ಬೆಳೆದದ್ದು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಇಲ್ಲಿನ ಇಕ್ಕಟ್ಟಿನ ಕೇರಿಗಳಲ್ಲಿ ಜನರನ್ನು ಬಡಿದು ಹಾಕಿತು. ಊರಿಗೆ ಗಾಳಿ-ಬೆಳಕು ಬೇಕೆಂಬ ಅರಿವಿನಿಂದ 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ನಾವು ಹೆಮ್ಮೆಪಡುವ ಅಗಲ ರಸ್ತೆಗಳಿಗೂ ಬಡಾವಣೆಗಳಿಗೂ ಮೂಲ ಆ ಹೆಣಗಳು. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಹೆಣ್ಣುಮಗಳ ಸ್ಮಾರಕವಾಗಿ ಆಸ್ಪತ್ರೆ ತೆರೆದರು. ಅದರ ಉದ್ದದ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ, ಮಿಷನ್ ಆಸ್ಪತ್ರೆ ಎಂದೇ ಊರು ಕರೆಯಿತು. ನಾನು ಹುಟ್ಟಿದ್ದು ಅಲ್ಲಿ. ರಾಯರ ದೊಡ್ಡ ಮಗಳು ಹುಟ್ಟಿದ್ದೂ ಅಲ್ಲೇ. ಸತ್ತವಳೊಬ್ಬಳ ಹೆಸರಿನಲ್ಲಿ ಮೂರು ತಲೆಮಾರಿನ ಹಸುಗೂಸುಗಳು ಮೊದಲ ಉಸಿರೆಳೆದಿವೆ.

ಪರಲೋಕದ ಆಸೆ ತೋರಿಸಿ ಇಹದ ಅನ್ಯಾಯವನ್ನು ನುಂಗಿಸುವ ಅಫೀಮು ಇದು ಎಂಬ ಆಕ್ಷೇಪ ಹಳೆಯದು, ಹುರುಳಿಲ್ಲದ್ದೂ ಅಲ್ಲ. ಚರ್ಚೇ ಅದಕ್ಕೆ ಎಷ್ಟೋ ಸಲ ಸಾಕ್ಷಿ ಒದಗಿಸಿದೆ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸುವ ಗೋಡೆಯೊಂದಿದೆ. ಎಲ್ಲರೂ ಒಟ್ಟಿಗೆ ಎದ್ದು ಬರುವರೆಂದು ವಾರವಾರ ವಿಶ್ವಾಸಪ್ರಮಾಣ ಹೇಳುವ ಜನ ಕಟ್ಟಿದ ಗೋಡೆ! ನಮ್ಮ ಕರ್ನಾಟಕದ ಕ್ರೈಸ್ತರು ಇದನ್ನು ನೆರೆರಾಜ್ಯದ ರೋಗವೆಂದು ಮೂಗುಮುರಿಯುವ ಮುನ್ನ ತಮ್ಮ ಮನೆಯ ಮದುವೆ ಮಾತುಕತೆಗಳನ್ನು ನೆನೆದುಕೊಳ್ಳುವುದು ಒಳ್ಳೆಯದು. ಪುನರುತ್ಥಾನವನ್ನು ನಂಬುತ್ತೇನೆ ಎಂದು ಹೇಳುವುದು ಸುಲಭ. ಸಮಾಧಿಯ ಗೋಡೆ ಒಡೆಯುವುದು ಕಷ್ಟ. ನನ್ನ ಮಟ್ಟಿಗೆ ಎರಡನೆಯದಿಲ್ಲದೆ ಮೊದಲನೆಯದಕ್ಕೆ ಅರ್ಥವಿಲ್ಲ. ಮಾರ್ಕ್ಸ್ ಬೈದದ್ದು ಗೋಡೆ ಕಟ್ಟುವವರ ಧರ್ಮವನ್ನಾದರೆ, ನಾನೂ ಆತನ ಪಕ್ಕ ನಿಲ್ಲುತ್ತೇನೆ.

ರಾಯರ ಪ್ರಶ್ನೆಗೆ ಇದೆಲ್ಲ ಉತ್ತರವೇ? ಅವರ ಹೆಂಡತಿಗೇನು ಬಂತು ಎಂಬುದಕ್ಕೆ ನಾನು ನಂಬುವುದನ್ನು ಹೇಳಬಲ್ಲೆ, ತೋರಿಸಲಾರೆ. ಹೆಸರು ಹಿಡಿದು ಕರೆಯುವವನೊಬ್ಬನು ಆಕೆಯ ಹೆಸರನ್ನು ಮರೆತಿಲ್ಲ ಎಂದು ನಂಬುತ್ತೇನೆ. ಒಂದು ದಿನ ಇಷ್ಟನ್ನು ಅವರಿಗೆ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೆಂಗಸರು ಅರ್ಧಕ್ಕೆ ನಿಂತ ಕ್ರಿಯೆ ಮುಗಿಸಲು ಹೋದ ಭಾಗವನ್ನು ಮಾತ್ರ ಮತ್ತೊಮ್ಮೆ ಹೇಳಿ ಎಂದರು. ಹೇಳಿದೆ. ಕಲ್ಲಿನ ವಿಷಯ ಬಂದಾಗ, "ಯಾರು ತೆಗೀತಾರೆ ಅಂತ ಗೊತ್ತಿಲ್ದೇನೇ ಹೋದ್ರಾ?" ಎಂದು ಕೇಳಿ ಸುಮ್ಮನಾದರು.

ಮೊನ್ನೆ ಚೈತ್ರದ ಬಿಸಿಲಿಗೆ ಅವರ ಮನೆಯಿಂದ ಕರೆ ಬಂತು. ಹೋದರೆ ನಡುಮನೆಯಲ್ಲಿ ಬಿಳಿ ಪಂಚೆ ಹಾಸಿ, ಅದರ ಮೇಲೆ ಆ ಹಸಿರು ಸೀರೆ ಇಟ್ಟುಕೊಂಡು ಕೂತಿದ್ದರು. "ವರ್ಷಕ್ಕೊಂದ್ಸಲ ಮಡಿಕೆ ಬದಲಾಯಿಸ್ಬೇಕು ಮೇಷ್ಟ್ರೇ. ಅದೇ ಗೆರೇಲಿ ಬಿಟ್ರೆ ಜರಿ ಮುರಿದುಹೋಗುತ್ತೆ ಅಂತಿದ್ಲು. ಒಬ್ಬನ ಕೈಲಿ ಆಗೋಲ್ಲ." ಸೆರಗಿನ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ಬಿಡಿಸುತ್ತಾ ಅವರು ನಡುಮನೆ ದಾಟಿ, ಬಾಗಿಲು ದಾಟಿ, ಜಗುಲಿಯ ತುದಿಯವರೆಗೂ ಹಿಂದಕ್ಕೆ ಹಿಂದಕ್ಕೆ ನಡೆದರು.

"ಬಿಗಿಯಾಗಿ ಹಿಡ್ಕೊಳಿ," ಎಂದರು ಅಲ್ಲಿಂದ. "ನೆಲಕ್ಕೆ ತಾಗಬಾರ್ದು."